ಅಪ್‌ಡೇಟ್: ಹಿಮ ಕೊನೆಗೂ ಬೆಳ್ಳಗೆ ಬಂತು

ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಹಿಮದ ಫೋಟೋ ತೆಗೆದರೆ ಯಾಕೆ ಬೂದಿ ಬಳಿದ ಹಾಗೆ ಬರುತ್ತದೆ ಅಂತ ಕೇಳಿದ್ದೆ. ಬೆಳಕು ಅಳೆಯುವ ಮೀಟರ್ ಬಿಳಿಯನ್ನೂ ನಡು ಬೂದು ಅಂದುಕೊಳ್ಳುತ್ತದೆ, ಬೆಳಕು ಜಾಸ್ತಿ ಕೊಡಿ ಅಂದಿದ್ದಿರಿ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಎರಡನೇ ರೋಲ್ ತೊಳೆದೆ.

ಈ ಸಲ ಹಾಕಿದ್ದು ಇಲ್‌ಫರ್ಡ್ ಎಫ್‌ಪಿ4 ಪ್ಲಸ್ ಫಿಲ್ಮ್, ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 125. ಒಂದೇ ದೃಶ್ಯವನ್ನು ಮೂರು ಸಲ ತೆಗೆದೆ: ಮೀಟರ್ ಹೇಳಿದಷ್ಟು, ಆಮೇಲೆ ಒಂದೂವರೆ ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು), ಕೊನೆಗೆ ಎರಡು ಸ್ಟಾಪ್ ಜಾಸ್ತಿ. ನನಗೆ ಒಂದೂವರೆಯೇ ಸರಿ ಅನಿಸಿತು. ಬೂಟಿನ ಗುರುತಿನ ಅಂಚಲ್ಲಿ ಉದುರಿದ ಹಿಮದ ಕಾಳುಗಳು ಕೂಡ ಪ್ರಿಂಟ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತಿವೆ. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ!

ಲೆನ್ಸ್ ಮುಂದೆ ಹಳದಿ ಫಿಲ್ಟರ್ ಹಾಕಿ ಅಂತ ನೀವು ಹೇಳಿದ್ದೂ ಸರಿ. ಬಿಸಿಲಿದ್ದಾಗ ಹಿಮದ ಮೇಲಿನ ನೆರಳಿಗೆ ಆಕಾಶದ ನೀಲಿ ಬೆಳಕು ಬೀಳುತ್ತದೆ ಅಲ್ವಾ? ಫಿಲ್ಟರ್ ಆ ನೀಲಿಯನ್ನು ತಡೆಯುವುದರಿಂದ ನೆರಳು ಗಾಢವಾಗಿ, ಏರು-ತಗ್ಗು ಎದ್ದು ಬಂತು. ಮೋಡ ಕವಿದ ದಿನ ಮಾತ್ರ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ನಾಲ್ಕು ಫ್ರೇಮ್ ಹಾಳಾದವು. ಮಿಂಚಿನಂಥ ಸಣ್ಣ ಗೆರೆಗಳು. ಒಣ ಚಳಿಯಲ್ಲಿ ಫಿಲ್ಮನ್ನು ಬೇಗ ಬೇಗ ಸುತ್ತಿದ್ದಕ್ಕೆ ಸ್ಟ್ಯಾಟಿಕ್ ಕಿಡಿ ಹಾರಿದೆ. ಈಗ ನಿಧಾನವಾಗಿ ಸುತ್ತುತ್ತೇನೆ. ಚಳಿಗೆ ಬೇಗ ಇಳಿಯದಿರಲಿ ಅಂತ ಬ್ಯಾಟರಿ ಒಳಜೇಬಲ್ಲಿ ಇರುತ್ತದೆ. ಮನೆಯೊಳಗೆ ಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟುತ್ತೇನೆ. ತೇವ ಚೀಲದ ಹೊರಗೇ ಕೂರುತ್ತದೆ, ಲೆನ್ಸ್ ಒಣಗೇ ಇರುತ್ತದೆ.

ಮುಂದಿನ ರೋಲ್‌ಗೆ ಕಿತ್ತಳೆ ಫಿಲ್ಟರ್ ಹಾಕಿ ನೋಡುತ್ತೇನೆ.