ದೆಹಲಿಗೆ 110 ಪೆಟ್ಟಿಗೆ ಗೊಂಬೆ: ಪಾರ್ಸೆಲ್ ಲಾರಿಯೋ, ಪೂರ್ತಿ ಲಾರಿಯೋ?

ಪ್ರಶ್ನೆ: ಗೊಂಬೆ ತಯಾರಕ, ಚನ್ನಪಟ್ಟಣ

ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ನಮ್ಮದೊಂದು ಚಿಕ್ಕ ಗೊಂಬೆ ತಯಾರಿಕಾ ಘಟಕವಿದೆ. ಇಲ್ಲಿಯವರೆಗೆ ತಿಂಗಳಿಗೆ ಹದಿನೈದು ಇಪ್ಪತ್ತು ಪೆಟ್ಟಿಗೆಗಳನ್ನು ಬೆಂಗಳೂರಿನ ಲಾರಿ ಆಫೀಸಿನಲ್ಲಿ ಬುಕ್ ಮಾಡಿ, ಬೇರೆಯವರ ಸರಕಿನ ಜೊತೆಯಲ್ಲಿಯೇ ಪಾರ್ಸೆಲ್ ಲಾರಿಯಲ್ಲಿ ಕಳುಹಿಸುತ್ತಿದ್ದೆವು. ಈಗ ದೆಹಲಿಯ ಸದರ್ ಬಜಾರಿನ ವರ್ತಕರೊಬ್ಬರು ದೀಪಾವಳಿಗೆ ಮುನ್ನ ಒಂದೇ ಸಲಕ್ಕೆ 110 ಪೆಟ್ಟಿಗೆ ಕೇಳಿದ್ದಾರೆ. ಪೆಟ್ಟಿಗೆಯ ಅಳತೆ 60×45×45 ಸೆಂ.ಮೀ., ತೂಕ 14 ಕಿಲೋ. ಒಟ್ಟು ತೂಕ ಒಂದೂವರೆ ಟನ್ನಿಗಿಂತ ತುಸು ಹೆಚ್ಚು ಅಷ್ಟೇ ಆಗುವುದರಿಂದ ಪೂರ್ತಿ ಲಾರಿ ಹಿಡಿಯುವುದು ದುಂದುವೆಚ್ಚವೆಂದು ನನಗನ್ನಿಸುತ್ತದೆ. ಆದರೆ ಕಳೆದ ವರ್ಷ ಪಾರ್ಸೆಲ್‌ನಲ್ಲಿ ಹೋದ 18 ಪೆಟ್ಟಿಗೆಗಳಲ್ಲಿ ಎರಡು ಜಜ್ಜಿಹೋಗಿ, ಅರಗಿನ ಬಣ್ಣದ ಮೇಲೆ ಗೀರು ಬಿದ್ದು, ಸರಕು ಹಿಂದಿರುಗಿತು. ಕುಶಲಕರ್ಮಿಗಳು ಕೈಯಾರೆ ಉಜ್ಜಿ ಹೊಳಪು ಕೊಟ್ಟ ಗೊಂಬೆಗಳನ್ನು ಹಾಗೆ ನೋಡಲು ಸಂಕಟವಾಯಿತು. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಸಾಗಣೆ ಉಸ್ತುವಾರಿ, ಬೆಂಗಳೂರು

ತಮ್ಮ ಸರಕು ಹಗುರ, ಆದರೆ ಜಾಗ ಹೆಚ್ಚು ಬೇಡುತ್ತದೆ. ಪಾರ್ಸೆಲ್ ಕಂಪನಿಗಳು ಇಂಥ ಸರಕಿಗೆ ತಕ್ಕಡಿಯ ತೂಕದ ಬದಲು ಅಳತೆಯ ತೂಕವನ್ನು ಹಿಡಿಯುತ್ತವೆ. ಉದ್ದ, ಅಗಲ, ಎತ್ತರಗಳ ಗುಣಲಬ್ಧವನ್ನು 4500ರಿಂದ ಭಾಗಿಸುವ ಕಂಪನಿಯಾದರೆ ತಮ್ಮ ಒಂದು ಪೆಟ್ಟಿಗೆ 27 ಕಿಲೋ ಆಗುತ್ತದೆ. ಅಂದರೆ 1,540 ಕಿಲೋ ಸರಕಿಗೆ 2,970 ಕಿಲೋದ ಬಾಡಿಗೆ ಕಟ್ಟಬೇಕಾಗುತ್ತದೆ. ಭಾಜಕವು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ದರ ಕೇಳುವಾಗ ಮೊದಲು ಅದನ್ನೇ ಕೇಳಿರಿ.

ಇನ್ನು 14 ಅಡಿ ಉದ್ದದ, ಒಳಗೆ 6 ಅಡಿ ಅಗಲ ಮತ್ತು ಎತ್ತರವಿರುವ ವಾಹನವನ್ನು ಗಮನಿಸಿರಿ. ಪೆಟ್ಟಿಗೆಯ ಉದ್ದ ಬದಿಯನ್ನು ವಾಹನದ ಉದ್ದಕ್ಕೆ ಇಟ್ಟರೆ ಅಡ್ಡಕ್ಕೆ 4, ಎತ್ತರಕ್ಕೆ 4, ಉದ್ದಕ್ಕೆ 7 ಸಾಲಿನಂತೆ 112 ಪೆಟ್ಟಿಗೆಗಳು ಹಿಡಿಯುತ್ತವೆ. ತೂಕದ ಲೆಕ್ಕದಲ್ಲಿ ಅರ್ಧವೂ ತುಂಬದ ವಾಹನ ಜಾಗದ ಲೆಕ್ಕದಲ್ಲಿ ತುಂಬಿಯೇ ಹೋಗುತ್ತದೆ.

ಉತ್ತರ: ಅಗರಬತ್ತಿ ವ್ಯಾಪಾರಿ, ಮೈಸೂರು

ಲೆಕ್ಕ ಸರಿಯಾಗಿದೆ. ಆದರೆ 14 ಅಡಿಯ ವಾಹನವನ್ನು ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಗೆ ಹಿಡಿದರೆ ಬಾಡಿಗೆ ಭಾರವಾಗುತ್ತದೆ, ಏಕೆಂದರೆ ಮಾಲೀಕರು ಖಾಲಿ ಹಿಂದಿರುಗುವ ಭಯವನ್ನೂ ಅದರಲ್ಲಿ ಸೇರಿಸುತ್ತಾರೆ. ನಾನು ಅನುಸರಿಸುವ ನಡುವಿನ ದಾರಿ ಪಾರ್ಟ್ ಲೋಡ್. ದೆಹಲಿಯ ಕಡೆಯಿಂದ ಬಂದು ರಿಟರ್ನ್ ಲೋಡಿಗಾಗಿ, ಅಂದರೆ ಹಿಂದಿರುಗುವಾಗ ಒಯ್ಯುವ ಸರಕಿಗಾಗಿ, ಕಾಯುವ 32 ಅಡಿಯ ಕಂಟೇನರ್‌ನಲ್ಲಿ ಇನ್ನೊಬ್ಬರ ಸರಕಿನ ಜೊತೆ ಜಾಗ ಹಂಚಿಕೊಂಡರೆ, ಇಲ್ಲಿ ಏರಿಸಿದ ಪೆಟ್ಟಿಗೆಯನ್ನು ನಡುವೆ ಯಾರೂ ಮುಟ್ಟದೆ ಅಲ್ಲಿಯೇ ಇಳಿಸುವಂತೆ ಮಾತಾಡಿಕೊಳ್ಳಬಹುದು. ಪಾರ್ಸೆಲ್‌ನಲ್ಲಾದರೆ ಪ್ರತಿ ಗೋಡೌನಿನಲ್ಲಿಯೂ ಇಳಿಸಿ ಮತ್ತೆ ಏರಿಸುತ್ತಾರೆ. ತಮ್ಮ ಪೆಟ್ಟಿಗೆಗಳು ಜಜ್ಜಿದ್ದು ಬಹುಶಃ ಹಾಗೆಯೇ. ಜೊತೆಯ ಸರಕು ಎಣ್ಣೆಯೋ ಕಬ್ಬಿಣವೋ ಆಗಿರದಂತೆ ಮಾತ್ರ ನೋಡಿಕೊಳ್ಳಿರಿ.

ಉತ್ತರ: ತೆರಿಗೆ ಸಲಹೆಗಾರ್ತಿ, ತುಮಕೂರು

ಯಾವ ದಾರಿ ಹಿಡಿದರೂ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ಅಡಿಯಲ್ಲಿ ಆನ್‌ಲೈನ್‌ನಲ್ಲಿ ಪಡೆಯುವ ದಾಖಲೆ) ಕಡ್ಡಾಯ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ಲಾರಿ ಬದಲಾದಾಗಲೆಲ್ಲ ಹೊಸ ವಾಹನದ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕಾಗುವುದರಿಂದ, ಪಾರ್ಸೆಲ್‌ನಲ್ಲಿ ಕಳುಹಿಸುವವರು ಅವಧಿಯ ಮೇಲೆ ಕಣ್ಣಿಟ್ಟಿರಬೇಕು.

ಇದಕ್ಕಿಂತ ಮುಖ್ಯವಾದದ್ದು ನಷ್ಟದ ಹೊಣೆ. ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, 2011ರ ರಸ್ತೆ ಸಾಗಣೆ ನಿಯಮಗಳಂತೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ದಾವೆ ಹೂಡಬೇಕಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಆದ್ದರಿಂದ ಸಾಗಣೆ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿರಿ.

ಪ್ರಶ್ನಿಸಿದವರು:

ತೂಕವನ್ನೇ ನೋಡುತ್ತಾ ಜಾಗವನ್ನು ಮರೆತಿದ್ದೆ. ಪಾರ್ಟ್ ಲೋಡಿಗೆ ವಿಚಾರಿಸುತ್ತೇನೆ. ದೊಡ್ಡ ಕಂಟೇನರ್ ಸದರ್ ಬಜಾರಿನೊಳಗೆ ಹೋಗುತ್ತದೆಯೇ?

ಉತ್ತರ: ಅಗರಬತ್ತಿ ವ್ಯಾಪಾರಿ, ಮೈಸೂರು

ಹೋಗುವುದಿಲ್ಲ. ಹಗಲಿನಲ್ಲಿ ದೆಹಲಿಯೊಳಗೆ ಭಾರೀ ಸರಕು ವಾಹನಗಳಿಗೆ ನಿರ್ಬಂಧವಿದೆ, ಆ ಗಲ್ಲಿಗಳೂ ಇಕ್ಕಟ್ಟು. ಊರ ಹೊರಗಿನ ಗೋಡೌನಿನಲ್ಲಿ ಇಳಿಸಿಕೊಳ್ಳಲು ವರ್ತಕರನ್ನು ಈಗಲೇ ಒಪ್ಪಿಸಿ, ಅಲ್ಲಿಂದ ಅಂಗಡಿಯವರೆಗಿನ ಟೆಂಪೋ ಬಾಡಿಗೆ ಮತ್ತು ಹಮಾಲಿ ಯಾರದೆಂದು ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಲಾರಿ ನಿಂತ ದಿನಗಳ ಹಾಲ್ಟಿಂಗ್ ಚಾರ್ಜ್ ತಮ್ಮ ಮೇಲೆಯೇ ಬರುತ್ತದೆ.