ಸಹಾಯ ಬೇಕು: ಶೀತ ಬಂದಾಗೆಲ್ಲ ಮಗಳಿಗೆ ಉಬ್ಬಸ

ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವರು. ಮಗಳಿಗೆ ಮೂರೂವರೆ ವರ್ಷ. ಎಂಟು ತಿಂಗಳಿದ್ದಾಗ ಆರ್‌ಎಸ್‌ವಿ ಎಂಬ, ಚಿಕ್ಕ ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡುವ ವೈರಸ್ ತಗಲಿ ನಾಲ್ಕು ದಿನ ಆಕ್ಸಿಜನ್ ಕೊಡಬೇಕಾಯಿತು. ಆ ರಾತ್ರಿಗಳು ಇನ್ನೂ ಕಣ್ಣ ಮುಂದಿವೆ. ಅಲ್ಲಿಂದ ಪ್ರತಿ ಮಳೆಗಾಲ ಇದೇ ಕಥೆ. ಮೂಗು ಸೋರಿದ ಮರುದಿನ ಎದೆಯಲ್ಲಿ ಸುಯ್ ಸುಯ್ ಶಬ್ದ. ಶೀತ ಇಲ್ಲದಾಗ ಅಂಗಳ ತುಂಬಾ ಓಡಾಡುತ್ತಾಳೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಲರ್ಜಿ ಅಥವಾ ಆಸ್ತಮಾ ಇರುವ ಮನೆಗಳ ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ್ದರ ಬಗ್ಗೆ ಓದಿದೆ. 2008ರಲ್ಲಿ ಫಲಿತಾಂಶ ಬಂದಿದೆ. ಮೂರು ವರ್ಷದೊಳಗೆ ಸಾಮಾನ್ಯ ಶೀತದ ರೈನೋವೈರಸ್‌ನಿಂದ ಉಬ್ಬಸ ಬಂದ ಮಕ್ಕಳಿಗೆ ಆರನೇ ವಯಸ್ಸಿನಲ್ಲಿ ಆಸ್ತಮಾ ಇರುವ ಸಾಧ್ಯತೆ ಆರ್‌ಎಸ್‌ವಿಯಿಂದ ಬಂದವರಿಗಿಂತಲೂ ಜಾಸ್ತಿಯಂತೆ. ವೈರಸ್ ಶ್ವಾಸನಾಳವನ್ನು ಕೆಡಿಸುತ್ತದೋ, ಮೊದಲೇ ಸೂಕ್ಷ್ಮವಾದ ಮಕ್ಕಳಿಗೆ ಉಬ್ಬಸ ಬರುತ್ತದೋ? ಎರಡೂ ಸೇರಿರಬಹುದು, ಅಲ್ವಾ? ನನ್ನವರಿಗೂ ಧೂಳಿನ ಅಲರ್ಜಿ ಇದೆ. ಅದಕ್ಕೇ ಭಯ.

ನಿಮ್ಮ ಮಕ್ಕಳಿಗೆ ಹೀಗಾಗಿತ್ತಾ? ಐದಾರು ವರ್ಷಕ್ಕೆ ನಿಂತಿತಾ? ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಪರೀಕ್ಷೆ ಯಾವ ವಯಸ್ಸಿಗೆ ಮಾಡಿಸಿದಿರಿ? ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗಲು ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಹಚ್ಚಿ ಇನ್ಹೇಲರ್ ಕೊಡುತ್ತಿದ್ದೇವೆ. ಅಭ್ಯಾಸ ಆಗಿಬಿಡುತ್ತದೆ ಎಂದು ಅತ್ತೆಗೆ ಚಿಂತೆ. ಹಾಗಾಗುವುದಿಲ್ಲ ಎಂದು ಡಾಕ್ಟರ್ ಮಲಯಾಳದಲ್ಲಿ ಹೇಳಿದರೂ ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಕಾಸರಗೋಡು ಅಥವಾ ಮಂಗಳೂರಿನಲ್ಲಿ ಕನ್ನಡದಲ್ಲಿ ನಿಧಾನವಾಗಿ ವಿವರಿಸುವ ಮಕ್ಕಳ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಚ್ಚಲ ಒಲೆಯ ಹೊಗೆಯಿಂದ ಅವಳನ್ನು ದೂರ ಇಡಲು ನೀವು ಏನು ಮಾಡಿದಿರಿ, ಅದನ್ನೂ ಹೇಳಿ.