‘ಅಸ್ಥಿರ ಅಪ್ರೋಚ್’ ಬದಲು ‘ಹದ ತಪ್ಪಿದ ಇಳಿಹಾದಿ’ ಅನ್ನಬಹುದೇ?

ವಿಮಾನ ಅಪಘಾತಗಳ ಬಗ್ಗೆ ಬರೆಯುವಾಗ ಒಂದು ಮಾತಿನ ಹತ್ತಿರ ಕೈ ನಿಂತುಬಿಟ್ಟಿದೆ: ‘ಅನ್‌ಸ್ಟೆಬಿಲೈಸ್ಡ್ ಅಪ್ರೋಚ್’. ಅಪ್ರೋಚ್ ಅಂದರೆ ವಿಮಾನ ಇಳಿಯಲೆಂದು ರನ್‌ವೇಯತ್ತ ಬರುವುದು. ‘ಅಸ್ಥಿರ ಅಪ್ರೋಚ್’ ಎಂದು ಬರೆದರೆ ವಿಮಾನ ಗಾಳಿಗೆ ಓಲಾಡುತ್ತಿದೆ, ಒಳಗಿದ್ದವರು ಸೀಟು ಬಿಗಿಯಾಗಿ ಹಿಡಿದು ಕೂತಿದ್ದಾರೆ ಅನ್ನಿಸುತ್ತದೆ, ಅಲ್ವಾ? ವಿಷಯ ಅದಲ್ಲ.

ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ರನ್‌ವೇಯತ್ತ ಬರುತ್ತದೆ. ಒಂದು ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.) ಮುಂದೆ ಬರುವಷ್ಟರಲ್ಲಿ ಸುಮಾರು 300 ಅಡಿ ಕೆಳಗಿಳಿದಿರುತ್ತದೆ. ಮೋಡ ಮುಸುಕಿದ್ದರೆ 1,000 ಅಡಿ ಎತ್ತರದಲ್ಲೇ, ಹೊರಗೆಲ್ಲ ತಿಳಿಯಾಗಿದ್ದರೆ 500 ಅಡಿಗೆ ಬರುವಷ್ಟರಲ್ಲಿ, ವೇಗ, ಎತ್ತರ, ಇಳಿಯುವ ರಭಸ, ಚಕ್ರ, ಫ್ಲ್ಯಾಪ್ (ರೆಕ್ಕೆಯ ಹಿಂದೆ ಇಳಿಬಿಡುವ ಪಟ್ಟಿ) ಎಲ್ಲವೂ ಹದಕ್ಕೆ ಬಂದಿರಬೇಕು. ಇಲ್ಲವಾದರೆ ಅದೇ ‘ಅನ್‌ಸ್ಟೆಬಿಲೈಸ್ಡ್’, ಆಗ ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕು. ಒಂಚೂರೂ ಕುಲುಕದೆ ಬರುತ್ತಿರುವ ವಿಮಾನ ಕೂಡ ಈ ಲೆಕ್ಕದಲ್ಲಿ ತಪ್ಪಿರಬಹುದು.

ಅದಕ್ಕೇ ನನಗೆ ‘ಹದ’ ಹಿಡಿಸಿತು. ಬಿತ್ತನೆಗೆ ನೆಲ ಹದವಾಗಿದೆ ಅಂದರೆ ತೇವ ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ ಎಂದರ್ಥ. ಹದ ತಪ್ಪುವುದು ಎರಡೂ ಕಡೆಗೆ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಏರ್‌ಬಸ್ ಎ320 ಇಳಿಯಬೇಕಿದ್ದ ಹಾದಿಗಿಂತ ಕೆಳಗಾಯಿತು, ವೇಗವೂ ಕುಸಿಯಿತು. ರನ್‌ವೇ ಸಿಗುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು 92 ಜನ ತೀರಿಕೊಂಡರು. 2010ರ ಮೇ 22ರಂದು ಮಂಗಳೂರಿನಲ್ಲಿ ಇದಕ್ಕೆ ತಿರುಗುಮುರುಗು. ಬೋಯಿಂಗ್ 737 ತೀರಾ ಎತ್ತರದಲ್ಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಕಚ್ಚಿದ್ದು 5,200 ಅಡಿ ದಾಟಿದ ಮೇಲೆ. ಉಳಿದ ಜಾಗ ಸಾಲದೆ ಕಣಿವೆಗೆ ಜಾರಿತು. 158 ಜನ ಹೋದರು, ಎಂಟು ಜನ ಉಳಿದರು. ಎರಡಕ್ಕೂ ಸುಮ್ನೆ ‘ಪತನ’ ಎಂದು ಬರೆದರೆ ಒಂದು ಎತ್ತರ ಸಾಲದೆ, ಇನ್ನೊಂದು ನೆಲ ಸಾಲದೆ ಆದದ್ದು ಎಂಬುದೇ ಮರೆಯಾಗುತ್ತದೆ.

ಇನ್ನು ‘ಅಪ್ರೋಚ್’. ‘ಸಮೀಪಿಸು’ ಕ್ರಿಯಾಪದವಾಗಿ ಚೆನ್ನ, ‘ಸಮೀಪಿಸುವಿಕೆ’ ಆದ ಕೂಡಲೇ ಬಾಯಿಗೆ ಒಗ್ಗುವುದಿಲ್ಲ. ಹಕ್ಕಿ ಬಂದು ಕೂರುವುದಕ್ಕೆ ‘ಎರಗು’ ಎಂಬ ಹಳೆಯ ಮಾತಿದೆ. ಎಷ್ಟು ಚೆಂದದ ಪದ! ಆದರೆ ಈಗ ಎರಗುವುದೆಂದರೆ ಮೇಲೆ ಬಿದ್ದು ದಾಳಿ ಮಾಡುವುದೇ ಮೊದಲು ನೆನಪಾಗುತ್ತದೆ. ಹಾಗಾಗಿ ‘ಇಳಿಹಾದಿ’ಗೆ ಬಂದೆ. ಅಪ್ರೋಚ್ ಅಂದರೆ ಹಾದಿಯಷ್ಟೇ ಅಲ್ಲ, ಆ ಹಾದಿಯಲ್ಲಿ ಬರುವ ಕೆಲಸವೂ ಹೌದು. ಒಂದೇ ಪದ ಎರಡನ್ನೂ ಹೊತ್ತೀತೇ ಎಂಬುದು ನನ್ನ ಅನುಮಾನ.

ಜೊತೆಗೆ ‘ಗೋ ಅರೌಂಡ್’ಗೂ ಪದ ಬೇಕು. ‘ಸುತ್ತಿ ಬಾ’ ಅಂದರೆ ಸುತ್ತುವುದೇ ಮುಖ್ಯ ಅನ್ನಿಸುತ್ತದೆ. ಅಲ್ಲಿ ಮುಖ್ಯವಾದದ್ದು ಇಳಿಯುವುದನ್ನು ಬಿಟ್ಟು ಆ ಕ್ಷಣವೇ ಮೇಲೇರುವುದು. ಮಂಗಳೂರಿನ ವಿಮಾನದಲ್ಲಿ ಸಹ ಪೈಲಟ್ ಮೂರು ಸಲ ಹೇಳಿದ್ದು ಇದನ್ನೇ. ‘ಮೇಲೇಳು’ ಎಂದು ಬರೆದುಕೊಂಡಿದ್ದೇನೆ. ಹಾಸಿಗೆಯಿಂದ ಎಬ್ಬಿಸಿದ ಹಾಗೆ ಕೇಳುತ್ತದೆಯೇ? ಉಸಿರು ಹಿಡಿದು ಹೇಳುವಷ್ಟು ಚಿಕ್ಕ ಪದ ಬೇರೆ ಯಾವುದಾದರೂ ಹೊಳೆದರೆ ದಯವಿಟ್ಟು ತಿಳಿಸಿ.